ಎಸ್‌ಎಂಪಿಎಸ್ ಯಾವುದು, ಕೂಲರ್ ಯಾವುದು: ಹುಬ್ಬಳ್ಳಿ ಬೇಸಿಗೆಗೆ ತಕ್ಕ ಆಯ್ಕೆ

ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳೋಣ ಅಂದ ಕೂಡಲೇ ಎರಡು ಪ್ರಶ್ನೆ ಏಳುತ್ತವೆ. ಹಳೇ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಪಿಸಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ, ಸಾಕಾಗುತ್ತಾ? ಪ್ರೊಸೆಸರ್ ತಂಪು ಮಾಡುವ ಕೂಲರ್ ಬದಲಿಸಬೇಕಾ, ಬದಲಿಸಿದರೆ ಗಾಳಿಯದ್ದಾ, ನೀರಿನದ್ದಾ? ಉತ್ತರ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಆದರೆ ಅವುಗಳಲ್ಲಿ ಬಹಳಷ್ಟು 21ರಿಂದ 25 ಡಿಗ್ರಿಯ ತಂಪು ಕೋಣೆಯಲ್ಲಿ ಅಳತೆ ಮಾಡಿದವು. ನಮ್ಮ ಹುಬ್ಬಳ್ಳಿಯಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 37-38 ಡಿಗ್ರಿ ಇರುತ್ತದೆ, ಗದಗಿನ ಕಡೆ ಇನ್ನೂ ಸ್ವಲ್ಪ ಜಾಸ್ತಿ, ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಪಿಸಿ ಇದ್ದರಂತೂ ರಾತ್ರಿ ಹತ್ತಾದರೂ ಜಳ ಇಳಿಯುವುದಿಲ್ಲ. ಅದರ ಮೇಲೆ ಎರೆಮಣ್ಣಿನ ಧೂಳು, ಹೋಗಿ ಬರುವ ಕರೆಂಟ್, ಇನ್ವರ್ಟರ್. ಹಾಗಾಗಿ ಇಲ್ಲಿಯ ಲೆಕ್ಕವೇ ಬೇರೆ.

ನಾನು ಹೇಳೋದು ಇಷ್ಟು. ದೊಡ್ಡ ವಾಟ್ ಸಂಖ್ಯೆಗೂ ಲೈಟ್ ಮಿನುಗುವ ಲಿಕ್ವಿಡ್ ಕೂಲರ್‌ಗೂ ರೊಕ್ಕ ಹಾಕುವ ಮೊದಲು, ಗುಣಮಟ್ಟದ ಎಸ್‌ಎಂಪಿಎಸ್‌ಗೆ ಮತ್ತು ಗಾಳಿ ಆಡುವ ಕ್ಯಾಬಿನೆಟ್‌ಗೆ ಹಾಕಿ. ಇವೆರಡು ಸರಿ ಇದ್ದರೆ ಉಳಿದದ್ದು ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಯಾಕೆ ಅಂತ ಒಂದೊಂದಾಗಿ ನೋಡೋಣ.

ವಾಟ್ ಲೆಕ್ಕ

ಲೆಕ್ಕ ಕಷ್ಟದ್ದಲ್ಲ. ಪ್ರೊಸೆಸರ್ ಗರಿಷ್ಠ ಎಷ್ಟು ಎಳೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಎಳೆಯುತ್ತದೆ, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲ ಸೇರಿ ಒಂದು 65 ವಾಟ್. ಮೂರನ್ನೂ ಕೂಡಿಸಿ.

ಪ್ರೊಸೆಸರ್ ಡಬ್ಬಿಯ ಮೇಲಿನ ಸಂಖ್ಯೆಯನ್ನು ಮಾತ್ರ ಹಾಗೇ ಹಿಡಿಯಬೇಡಿ. ಇಂಟೆಲ್‌ನ ಐ5-12400ಎಫ್ ಅನ್ನು 65 ವಾಟ್ ಅಂತ ಮಾರುತ್ತಾರೆ, ಟರ್ಬೋದಲ್ಲಿ, ಅಂದರೆ ಪೂರ್ತಿ ವೇಗಕ್ಕೆ ಏರಿದಾಗ, ಅದು 117 ವಾಟ್‌ವರೆಗೆ ಹೋಗುತ್ತದೆ. ಐ7-14700ಕೆ 125 ವಾಟ್‌ನದ್ದು, ಆದರೆ 253 ಮುಟ್ಟುತ್ತದೆ. ಎಎಂಡಿ ಕಡೆ ಅಂತರ ಕಡಿಮೆ: ರೈಜನ್ 5 7600ರ ಹೆಸರಿಗೆ 65 ವಾಟ್, ಗರಿಷ್ಠ 88. ಇನ್ನು ಕಾರ್ಡ್‌ಗಳು. ಆರ್‌ಟಿಎಕ್ಸ್ 5060ಗೆ 145 ವಾಟ್, 5060 ಟಿಐಗೆ 180, 5070ಗೆ 250, 5070 ಟಿಐಗೆ 300, 5080ಗೆ 360. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಕಾರ್ಡ್‌ಗೆ 160, ಆರ್‌ಎಕ್ಸ್ 9070 ಎಕ್ಸ್‌ಟಿಗೆ 304.

ಹಾಗಾದರೆ 12400ಎಫ್ ಜೊತೆ 5060 ಹಾಕಿದರೆ ಒಟ್ಟು ಸುಮಾರು 327 ವಾಟ್. ಎನ್ವಿಡಿಯಾ ಈ ಕಾರ್ಡ್‌ಗೆ 550 ವಾಟ್‌ನ ಎಸ್‌ಎಂಪಿಎಸ್ ಹೇಳುತ್ತದೆ. ನಡುವಿನ ಅಷ್ಟು ದೊಡ್ಡ ಅಂತರ ಸುಮ್ನೆ ಇಟ್ಟಿದ್ದಲ್ಲ. ಕಾರ್ಡ್ ಒಮ್ಮೊಮ್ಮೆ ಸೆಕೆಂಡಿನ ಚೂರಿನಷ್ಟು ಹೊತ್ತು ತನ್ನ ಮಿತಿ ದಾಟಿ ಎಳೆಯುತ್ತದೆ, ಆ ಜಿಗಿತಕ್ಕೆ ಬಡಪಾಯಿ ಎಸ್‌ಎಂಪಿಎಸ್ ಹೆದರಿ ಪಿಸಿಯನ್ನೇ ಆರಿಸಿಬಿಡುತ್ತದೆ. ಎಟಿಎಕ್ಸ್ 3.0 ಮತ್ತು 3.1 (ಎಸ್‌ಎಂಪಿಎಸ್‌ಗಳ ಮಾನದಂಡದ ಹೆಸರು) ಅಂತ ಬರೆದಿರುವ ಹೊಸ ಎಸ್‌ಎಂಪಿಎಸ್‌ಗಳನ್ನು ಇದನ್ನು ಗಮನದಲ್ಲಿಟ್ಟೇ ಮಾಡಿರುತ್ತಾರೆ, 100 ಮೈಕ್ರೋಸೆಕೆಂಡ್‌ನಷ್ಟು ಹೊತ್ತು ತಮ್ಮ ವಾಟ್‌ನ ಎರಡು ಪಟ್ಟು ಎಳೆತವನ್ನೂ ಅವು ತಾಳಬೇಕು.

ಕಂಪನಿಯವರೇ ಹೇಳುವ ಲೆಕ್ಕ 5060 ಟಿಐಗೆ 600 ವಾಟ್, 5070ಗೆ 650, 5070 ಟಿಐಗೆ 750, 5080ಗೆ 850. ಇದನ್ನು ಪಾಲಿಸಿದರೆ ಸಾಕು. 5060 ಹಾಕುವವರಿಗೆ 850 ವಾಟ್ ತಗೊಳ್ಳಿ ಅಂತ ಯಾರಾದರೂ ಹೇಳಿದರೆ, ಆ ಹೆಚ್ಚುವರಿ ರೊಕ್ಕವನ್ನು ಕ್ಯಾಬಿನೆಟ್‌ಗೆ ಹಾಕಿ.

ಲೇಬಲ್ ಓದಿ, ಡಬ್ಬಿ ಅಲ್ಲ

ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ "450 ವಾಟ್" ಎಸ್‌ಎಂಪಿಎಸ್ ನಮ್ಮ ಕಡೆ ಎಷ್ಟೋ ಅಸೆಂಬ್ಲಿ ಪಿಸಿಗಳಲ್ಲಿ ಇನ್ನೂ ಇದೆ. ಕ್ಯಾಬಿನೆಟ್ ಬಾಗಿಲು ತೆಗೆದು ಅದರ ಪಕ್ಕದ ಲೇಬಲ್ ನೋಡಿ. 12 ವೋಲ್ಟ್ ಅಂತ ಇರುವ ಸಾಲಿನ ಎದುರು ಎಷ್ಟು ಆಂಪಿಯರ್ ಇದೆ? ಅಲ್ಲಿ 16 ಇದ್ದರೆ, 12 ಗುಣಿಸು 16, ಅಂದರೆ 192 ವಾಟ್. ಇವತ್ತಿನ ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ತಮ್ಮ ಶಕ್ತಿಯನ್ನು ಹೆಚ್ಚುಕಡಿಮೆ ಪೂರ್ತಿ ಈ 12 ವೋಲ್ಟ್ ಸಾಲಿನಿಂದಲೇ ತಗೊಳ್ಳುತ್ತವೆ, ಹಾಗಾಗಿ ನಿಮ್ಮ 450 ಅನ್ನುವುದು ನಿಜಕ್ಕೂ 192. ಒಳ್ಳೆ 550 ವಾಟ್‌ನದ್ದರಲ್ಲಿ ಈ ಸಾಲಿನ ಎದುರು 45 ಆಂಪಿಯರ್‌ನ ಹತ್ತಿರ ಇರುತ್ತದೆ. ಅಂಗಡಿಯಲ್ಲಿ ನಿಂತು ಈ ಒಂದು ಗುಣಾಕಾರ ಮಾಡಿದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ಲೇಬಲ್‌ನಲ್ಲಿ ಇನ್ನೊಂದು ಸಾಲು ಇದೆ, ಅದನ್ನು ಯಾರೂ ಓದುವುದಿಲ್ಲ: ಇನ್‌ಪುಟ್ ವೋಲ್ಟೇಜ್. ಕೆಲವದರಲ್ಲಿ 100-240 ಅಂತ ಇರುತ್ತದೆ, ಕೆಲವದರಲ್ಲಿ 200-240. ಹುಬ್ಬಳ್ಳಿ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಇರುವವರಿಗೆ ಇದು ಅಷ್ಟು ಮುಖ್ಯ ಆಗಲಿಕ್ಕಿಲ್ಲ. ಆದರೆ ಹಾವೇರಿ, ರೋಣ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ತ್ರೀ ಫೇಸ್ ಬಂದು ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಮನೆಯ ಬಲ್ಬ್ ಮಂಕಾಗುವುದು ನೋಡಿದ್ದೀರಲ್ಲ, ಆಗ ವೋಲ್ಟೇಜ್ 180ಕ್ಕೂ ಕೆಳಗೆ ಇಳಿಯಬಹುದು. 200-240ರದ್ದು ಅಲ್ಲಿ ಕೈ ಎತ್ತುತ್ತದೆ. 100-240ರದ್ದು ಸ್ವಲ್ಪ ಜಾಸ್ತಿ ಕರೆಂಟ್ ಎಳೆದು ಕೆಲಸ ಮುಂದುವರಿಸುತ್ತದೆ. ಹಳ್ಳಿಯಲ್ಲಿ ಪಿಸಿ ಇಡುವವರು ಇದೊಂದನ್ನು ಖಂಡಿತ ನೋಡಿ, ಪ್ರತ್ಯೇಕ ಸ್ಟೆಬಿಲೈಸರ್ ಖರ್ಚೇ ಉಳಿಯಬಹುದು.

ಮೂರನೆಯದು ಬಿಸಿ. ಎಸ್‌ಎಂಪಿಎಸ್‌ನ ವಾಟ್ ಅನ್ನು ಕಂಪನಿಗಳು ಒಂದು ಉಷ್ಣತೆಗೆ ಲೆಕ್ಕ ಹಾಕಿ ಹೇಳುತ್ತವೆ. ಸೋವಿಯದ್ದಕ್ಕೆ ಅದು 40 ಡಿಗ್ರಿ ಅಥವಾ ಅದಕ್ಕೂ ಕಡಿಮೆ, ಒಳ್ಳೆಯದಕ್ಕೆ 50. ಕೋಣೆಯೇ 36 ಇರುವಾಗ 40ರ ಲೆಕ್ಕದ ಎಸ್‌ಎಂಪಿಎಸ್‌ಗೆ ಉಸಿರಾಡಲು ಜಾಗವೇ ಇರುವುದಿಲ್ಲ. ಒಳಗೆ ಕರೆಂಟ್ ಕೂಡಿಡುವ ಕೆಪ್ಯಾಸಿಟರ್‌ಗಳು 105 ಡಿಗ್ರಿಯವಾ 85ರವಾ ಅನ್ನುವುದೂ ಆಯಸ್ಸು ನಿರ್ಧರಿಸುತ್ತದೆ, ಅವು ಹತ್ತು ಡಿಗ್ರಿ ತಂಪಾಗಿದ್ದರೆ ಹೆಚ್ಚುಕಡಿಮೆ ಎರಡು ಪಟ್ಟು ಬಾಳುತ್ತವೆ. ಇದೆಲ್ಲ ಕಂಪನಿಯ ಪುಟದಲ್ಲಿ ಬರೆದಿರುತ್ತದೆ. ಬರೆದಿಲ್ಲ ಅಂದರೆ ಅದೇ ಒಂದು ಉತ್ತರ.

ಒಂದು ಎಚ್ಚರಿಕೆ. ಕಾಲೇಜು ಹುಡುಗರು ಡೆಲ್, ಎಚ್‌ಪಿಯ ಹಳೇ ಆಫೀಸ್ ಪಿಸಿಯನ್ನು ಸೆಕೆಂಡ್‌ಹ್ಯಾಂಡ್ ತಗೊಂಡು ಅದಕ್ಕೆ ಕಾರ್ಡ್ ಹಾಕುವ ಯೋಚನೆ ಮಾಡುತ್ತಾರೆ. ಅವುಗಳಲ್ಲಿ ಬಹಳಷ್ಟಕ್ಕೆ ಮಾಮೂಲಿ ಎಸ್‌ಎಂಪಿಎಸ್ ಕೂಡುವುದೇ ಇಲ್ಲ, ಮದರ್‌ಬೋರ್ಡ್‌ನ ಕನೆಕ್ಟರ್ ಬೇರೆ, ಡಬ್ಬಿಯ ಅಳತೆಯೂ ಬೇರೆ. ಹಾಗಿದ್ದಾಗ 75 ವಾಟ್ ಒಳಗಿನ, ಸ್ಲಾಟ್‌ನಿಂದಲೇ ಕರೆಂಟ್ ತಗೊಳ್ಳುವ ಕಾರ್ಡ್ ಒಂದೇ ದಾರಿ. ಅದಕ್ಕಿಂತ ದೊಡ್ಡದು ಬೇಕಾದರೆ ಹೊಸ ಪಿಸಿಯ ಲೆಕ್ಕ ಹಾಕಿ.

ಬ್ರಾಂಝ್, ಗೋಲ್ಡ್: ಕರೆಂಟ್ ಬಿಲ್ ಉಳಿಯುತ್ತಾ?

80 ಪ್ಲಸ್ ಅನ್ನುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಪಿಸಿಗೆ ಮುಟ್ಟುತ್ತದೆ ಅನ್ನುವ ಗುರುತು. ನಮ್ಮ 230 ವೋಲ್ಟ್‌ನ ಲೆಕ್ಕದಲ್ಲಿ, ಅರ್ಧ ಲೋಡ್ ಇದ್ದಾಗ ಬ್ರಾಂಝ್ ಅಂದರೆ 88 ಶೇಕಡಾ, ಗೋಲ್ಡ್ ಅಂದರೆ 92. ಪಿಸಿಗೆ 330 ವಾಟ್ ಬೇಕು ಅಂದುಕೊಳ್ಳಿ. ಬ್ರಾಂಝ್ ಗೋಡೆಯಿಂದ 375 ಎಳೆಯುತ್ತದೆ, ಗೋಲ್ಡ್ 359. ಅಂತರ 16 ವಾಟ್. ದಿನಕ್ಕೆ ಐದು ಗಂಟೆ ಪೂರ್ತಿ ಲೋಡ್‌ನಲ್ಲಿ ಆಡಿದರೂ ತಿಂಗಳಿಗೆ ಎರಡೂವರೆ ಯೂನಿಟ್ ಒಳಗೆ, ಯೂನಿಟ್‌ಗೆ ಆರು ರೂಪಾಯಿ ಹಿಡಿದರೆ ಹದಿನೈದು ರೂಪಾಯಿ. ವರ್ಷಕ್ಕೆ 180. ಗೋಲ್ಡ್‌ಗೆ ಕೊಡುವ ಹೆಚ್ಚುವರಿ ಎರಡು-ಮೂರು ಸಾವಿರ ಬಿಲ್‌ನಲ್ಲಿ ವಾಪಸ್ ಬರಲು ಹತ್ತಕ್ಕೂ ಜಾಸ್ತಿ ವರ್ಷ ಬೇಕು. ಹಾಗಾಗಿ ಉಳಿತಾಯದ ಆಸೆಗೆ ಗೋಲ್ಡ್ ತಗೊಳ್ಳಬೇಡಿ.

ಆದರೂ ಗೋಲ್ಡ್ ತಗೊಳ್ಳಲು ಬೇರೆ ಕಾರಣ ಇದೆ. ಆ ಮಟ್ಟದ ಎಸ್‌ಎಂಪಿಎಸ್‌ಗಳಲ್ಲಿ ಒಳಗಿನ ಸಾಮಾನೂ ಸಾಮಾನ್ಯವಾಗಿ ಒಳ್ಳೆಯದಿರುತ್ತದೆ, ವಾರಂಟಿ ಏಳರಿಂದ ಹತ್ತು ವರ್ಷ ಸಿಗುತ್ತದೆ, ಬ್ರಾಂಝ್‌ಗೆ ಹೆಚ್ಚಾಗಿ ಮೂರು ಅಥವಾ ಐದು. 5070 ಟಿಐನಂಥ ತುಟ್ಟಿ ಕಾರ್ಡ್ ಹಾಕುವವರು ಗೋಲ್ಡ್ ತಗೊಳ್ಳಿ. 5060, 9060 ಎಕ್ಸ್‌ಟಿ ಮಟ್ಟದವರಿಗೆ ಒಳ್ಳೆ ಕಂಪನಿಯ ಬ್ರಾಂಝ್ ಧಾರಾಳ ಸಾಕು. ಪ್ಲಾಟಿನಂ, ಟೈಟಾನಿಯಂ ಕಡೆ ಮನೆ ಬಳಕೆಯವರು ತಲೆ ಹಾಕುವುದೇ ಬೇಡ.

ಬಿಲ್ ವಿಷಯಕ್ಕೆ ಬಂದರೆ, ನಿಜವಾಗಿ ಲೆಕ್ಕ ಹಾಕಬೇಕಾದ್ದು ಗೃಹಜ್ಯೋತಿಯದ್ದು. ಗೋಡೆಯಿಂದ 375 ವಾಟ್ ಎಳೆಯುವ ಪಿಸಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 56 ಯೂನಿಟ್. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಮನೆಯಲ್ಲಿ ಆಗಲೇ 150ರ ಆಸುಪಾಸು ಬರುತ್ತಿದ್ದರೆ ಹೊಸ ಕಾರ್ಡ್ ಬಂದ ಮೇಲೆ ಆ ಗಡಿ ದಾಟುವುದು ಸುಲಭ. ಅಪ್ಪ ಅಮ್ಮನ ಮನೆಯಲ್ಲಿ ಇರುವವರು ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇನ್ವರ್ಟರ್ ಮತ್ತು ಯುಪಿಎಸ್

ಬಹಳ ಜನ ಇಲ್ಲೇ ಎಡವುತ್ತಾರೆ. ಹೊಸ ಕಾರ್ಡ್ ಹಾಕಿದ ಮೇಲೆ ಕರೆಂಟ್ ಹೋದ ಕೂಡಲೇ ಪಿಸಿ ಆಫ್ ಆಗುತ್ತದೆ, ಮೊದಲು ಆಗುತ್ತಿರಲಿಲ್ಲ. ಎಸ್‌ಎಂಪಿಎಸ್ ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಒಯ್ಯುತ್ತಾರೆ. ಎಷ್ಟೋ ಸಲ ಅದು ಕೆಟ್ಟಿರುವುದೇ ಇಲ್ಲ.

ಮೇಜಿನ ಕೆಳಗೆ ಇಡುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ನಿಮ್ಮ ಪಿಸಿಯೇ 375 ಎಳೆಯುತ್ತಿದ್ದರೆ, ಮೇಲೆ ಮಾನಿಟರ್ ಬೇರೆ, ಆಟದ ನಡುವೆ ಕರೆಂಟ್ ಹೋದಾಗ ಯುಪಿಎಸ್ ಓವರ್‌ಲೋಡ್ ಆಗಿ ಕೈಬಿಡುತ್ತದೆ. ಕಾರ್ಡ್ ಬದಲಿಸುವಾಗ ಯುಪಿಎಸ್ ಲೆಕ್ಕವನ್ನೂ ಜೊತೆಗೇ ಹಾಕಬೇಕು, 1000 ಅಥವಾ 1100 ವಿಎಯದ್ದು ಸುಮಾರು 600 ವಾಟ್ ಕೊಡುತ್ತದೆ, 5060 ಮಟ್ಟಕ್ಕೆ ಅದು ಸರಿ.

ಮನೆಗೆ ದೊಡ್ಡ ಇನ್ವರ್ಟರ್ ಇದ್ದರೆ ಮೂರು ವಿಷಯ. ಒಂದು, ಅದು ಸೈನ್ ವೇವ್‌ನದ್ದಾಗಿರಲಿ, ಅಂದರೆ ಮೇನ್ ಕರೆಂಟಿನ ಹಾಗೇ ನಯವಾದ ಅಲೆಯ ಕರೆಂಟ್ ಕೊಡುವಂಥದ್ದು. ಸ್ಕ್ವೇರ್ ವೇವ್‌ನ ಹಳೇ ಇನ್ವರ್ಟರ್ ಮೇಲೆ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಅಲೆಗೆ ತಕ್ಕಂತೆ ಹದವಾಗಿ ಎಳೆಯುವ ಸರ್ಕ್ಯೂಟ್) ಇರುವ ಇಂದಿನ ಎಸ್‌ಎಂಪಿಎಸ್‌ಗಳು ಗುಂಯ್‌ಗುಡುತ್ತವೆ, ಕೆಲವು ಆಫ್ ಆಗುತ್ತವೆ. ಎರಡು, ಹಿಂದೆ ಇರುವ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ನೋಡಿ. ಇನ್ನೊಂದು ಮೋಡ್‌ನಲ್ಲಿ ಮೇನ್‌ನಿಂದ ಬ್ಯಾಟರಿಗೆ ಬದಲಾಗಲು ಜಾಸ್ತಿ ಹೊತ್ತು ಹಿಡಿಯುತ್ತದೆ, ಫ್ಯಾನಿಗೆ ಅದು ಗೊತ್ತಾಗುವುದಿಲ್ಲ, ಪಿಸಿಗೆ ಗೊತ್ತಾಗುತ್ತದೆ.

ಮೂರನೆಯದು ಎಸ್‌ಎಂಪಿಎಸ್‌ನ ಹೋಲ್ಡ್-ಅಪ್ ಸಮಯ, ನಮ್ಮ ಕಡೆಯವರಿಗೆ ಇದು ಗೋಲ್ಡ್ ಗುರುತಿಗಿಂತ ಮುಖ್ಯ ಅಂತ ನನ್ನ ಅಭಿಪ್ರಾಯ. ಕರೆಂಟ್ ಹೋದ ಮೇಲೂ ಒಳಗಿನ ದೊಡ್ಡ ಕೆಪ್ಯಾಸಿಟರ್‌ನಲ್ಲಿ ಉಳಿದ ಶಕ್ತಿಯಿಂದ ಎಷ್ಟು ಹೊತ್ತು ಪಿಸಿ ನಡೆಯುತ್ತದೆ ಅನ್ನುವುದೇ ಇದು. ಎಟಿಎಕ್ಸ್ 3.0ರ ಪ್ರಕಾರ ಪೂರ್ತಿ ಲೋಡ್‌ನಲ್ಲಿ 17 ಮಿಲಿಸೆಕೆಂಡ್ ಇರಬೇಕು. 2023ರಲ್ಲಿ ಬಂದ 3.1ರಲ್ಲಿ ಇದನ್ನು ಸಡಿಲ ಮಾಡಿದರು: ಪೂರ್ತಿ ಲೋಡ್‌ಗೆ 12, 80 ಶೇಕಡಾ ಲೋಡ್‌ಗೆ 17. ಲೋಡ್ ಅರ್ಧ ಆದರೆ ಈ ಸಮಯ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. ಹಾಗಾಗಿ ಇನ್ವರ್ಟರ್ ಮೇಲೆ ಓಡುವ ಪಿಸಿಗೆ 550ರ ಬದಲು 650 ವಾಟ್ ಹಾಕುವುದಕ್ಕೆ ಅರ್ಥ ಇದೆ. ವಾಟ್ ಬೇಕು ಅಂತಲ್ಲ, ಇನ್ವರ್ಟರ್ ಬ್ಯಾಟರಿಗೆ ಬದಲಾಗುವ ಆ ಹತ್ತಿಪ್ಪತ್ತು ಮಿಲಿಸೆಕೆಂಡ್ ದಾಟಲಿ ಅಂತ.

ಅರ್ಥಿಂಗ್ ಬಗ್ಗೆಯೂ ಒಂದು ಮಾತು. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಜುಮ್ ಅಂದರೆ ಎಸ್‌ಎಂಪಿಎಸ್ ಬದಲಿಸಿ ಪ್ರಯೋಜನ ಇಲ್ಲ. ಎಲ್ಲ ಎಸ್‌ಎಂಪಿಎಸ್‌ಗಳೂ ತಮ್ಮ ಫಿಲ್ಟರ್‌ನ ಸ್ವಲ್ಪ ಕರೆಂಟನ್ನು ಕ್ಯಾಬಿನೆಟ್ ಮೂಲಕ ಅರ್ಥ್‌ಗೆ ಬಿಡುತ್ತವೆ. ಮನೆಯ ಅರ್ಥ್ ತಂತಿ ಸರಿ ಇಲ್ಲದಿದ್ದರೆ ಅದು ನಿಮ್ಮ ಮೂಲಕ ಹೋಗುತ್ತದೆ. ಹಳೇ ಹುಬ್ಬಳ್ಳಿಯ ಹಳೇ ಮನೆಗಳಲ್ಲಿ ಇರುವವರು ಕಾರ್ಡ್ ತರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಕನೆಕ್ಟರ್ ಬಗ್ಗೆ ಚುಟುಕಾಗಿ

8 ಪಿನ್ನಿನ ಒಂದು ಕನೆಕ್ಟರ್‌ಗೆ 150 ವಾಟ್. ಹೊಸ 16 ಪಿನ್ನಿನದ್ದಕ್ಕೆ 600 ವಾಟ್‌ವರೆಗೆ. 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090 ಬಂದಾಗ ಈ 16 ಪಿನ್ ಕರಗಿದ ಫೋಟೋಗಳು ಜಗತ್ತಿಡೀ ಓಡಾಡಿದವು, ಪೂರ್ತಿ ಒಳಗೆ ಒತ್ತದೇ ಬಿಟ್ಟಿದ್ದು ಕಾರಣ ಅಂತ ಎನ್ವಿಡಿಯಾ ಹೇಳಿತು. ನಂತರ 12ವಿ-2x6 ಅಂತ ತಿದ್ದಿದ ರೂಪ ಬಂತು, ಅದರಲ್ಲಿ ಕೇಬಲ್ ಕೂತಿದೆಯಾ ಅಂತ ಗುರುತಿಸುವ ಸೆನ್ಸ್ ಪಿನ್ನುಗಳು ಗಿಡ್ಡ, ಪೂರ್ತಿ ಕೂರದಿದ್ದರೆ ಕಾರ್ಡ್ ಕರೆಂಟ್ ಎಳೆಯುವುದೇ ಇಲ್ಲ. 5070 ಅಥವಾ ಅದಕ್ಕಿಂತ ಮೇಲಿನದ್ದು ತಗೊಳ್ಳುವವರು ಈ ಕೇಬಲ್ ಎಸ್‌ಎಂಪಿಎಸ್ ಜೊತೆಗೇ ಬರುವಂಥದ್ದನ್ನು ಆರಿಸಿ, ಅಡಾಪ್ಟರ್ ಕಟ್ಟಿನ ಗೋಜು ಬೇಡ. 5060, 9060 ಎಕ್ಸ್‌ಟಿಗಳಲ್ಲಿ 8 ಪಿನ್ನಿನವೇ ಬಹಳ, ಚಿಂತೆ ಇಲ್ಲ.

ಮತ್ತೆ, ಹಳೇ ಎಸ್‌ಎಂಪಿಎಸ್‌ನ ಕೇಬಲ್ ಹೊಸದಕ್ಕೆ ಚುಚ್ಚಲೇಬೇಡಿ. ತುದಿ ಒಂದೇ ಥರ ಕಂಡರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ, ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಹಾರ್ಡ್‌ಡಿಸ್ಕ್ ಅಲ್ಲೇ ಸುಡುತ್ತದೆ, ಅದರೊಳಗಿನ ಫೋಟೋಗಳ ಸಮೇತ.

ತಂಪು: ಮೊದಲು ಕೋಣೆ, ಆಮೇಲೆ ಕ್ಯಾಬಿನೆಟ್, ಕೊನೆಗೆ ಕೂಲರ್

ಗಾಳಿಯದ್ದಾಗಲಿ ನೀರಿನದ್ದಾಗಲಿ, ಯಾವ ಕೂಲರ್ ಕೂಡ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಕೋಣೆಗಿಂತ ಎಷ್ಟು ಡಿಗ್ರಿ ಮೇಲೆ ನಿಲ್ಲಿಸುತ್ತದೆ ಅನ್ನುವುದಷ್ಟೇ ಅದರ ಕೆಲಸ. 23 ಡಿಗ್ರಿ ಕೋಣೆಯ ವಿಡಿಯೋದಲ್ಲಿ ಪ್ರೊಸೆಸರ್ 70 ತೋರಿಸಿದರೆ ಅಂತರ 47. ನಿಮ್ಮ ಕೋಣೆ 36 ಇದ್ದರೆ ಅದೇ ಪ್ರೊಸೆಸರ್ 83. ರಿವ್ಯೂ ನೋಡುವಾಗ ಈ ಹದಿಮೂರನ್ನು ಕೂಡಿಸಿಕೊಳ್ಳುವ ಅಭ್ಯಾಸ ಮಾಡಿಕೊಳ್ಳಿ. ಅಲ್ಲಿ 85 ತೋರಿಸಿದ ಕೂಲರ್ ಇಲ್ಲಿ ಮಿತಿ ಮುಟ್ಟುತ್ತದೆ. ಇಂಟೆಲ್‌ನವಕ್ಕೆ ಸಾಮಾನ್ಯವಾಗಿ 100 ಡಿಗ್ರಿ ಮಿತಿ, ರೈಜನ್ 7000 ಸಾಲಿನ ಬಹುಪಾಲಿಗೆ 95, 7800ಎಕ್ಸ್3ಡಿಗೆ 89. ಆ ಮಿತಿ ಮುಟ್ಟಿದರೆ ಚಿಪ್ ಸುಡುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ರೊಕ್ಕ ಕೊಟ್ಟ ವೇಗ ನಿಮಗೆ ಸಿಗುವುದಿಲ್ಲ, ಅಷ್ಟೇ.

ಎರಡನೆಯ ಮಾತು ಇನ್ನೂ ಮುಖ್ಯ. ನಿಮ್ಮ ಪಿಸಿಯಲ್ಲಿ ಆಟ ಆಡುವಾಗ ಹೆಚ್ಚು ಬಿಸಿ ಮಾಡುವುದು ಪ್ರೊಸೆಸರ್ ಅಲ್ಲ, ಗ್ರಾಫಿಕ್ಸ್ ಕಾರ್ಡ್. 250 ವಾಟ್‌ನ ಕಾರ್ಡ್ ಆ ಬಿಸಿಯನ್ನೆಲ್ಲ ಕ್ಯಾಬಿನೆಟ್ ಒಳಗೇ ಸುರಿಯುತ್ತದೆ. ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್‌ನಲ್ಲಿ ಅದು ಅಲ್ಲೇ ಸುತ್ತುತ್ತದೆ, ಕಾರ್ಡ್ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ, ಪ್ರೊಸೆಸರ್ ಕೂಲರ್‌ಗೂ ಅದೇ ಗಾಳಿ. ಅಂಥ ಕ್ಯಾಬಿನೆಟ್‌ನಲ್ಲಿ ಎಂಟು ಸಾವಿರದ ಲಿಕ್ವಿಡ್ ಕೂಲರ್ ಹಾಕಿದರೂ ಕಾರ್ಡ್ ತಂಪಾಗುವುದಿಲ್ಲ. ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್, ಮುಂದೆ ಎರಡು ಫ್ಯಾನ್ ಒಳಗೆ ಎಳೆಯಲು, ಹಿಂದೆ ಒಂದು ಹೊರಗೆ ತಳ್ಳಲು. ಇಷ್ಟಾದರೆ ಬಹಳ ಜನರ ಸಮಸ್ಯೆ ಮುಗಿಯಿತು. ಒಳಗೆ ಬರುವ ಗಾಳಿ ಹೊರಹೋಗುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ, ಆಗ ಧೂಳು ಸಂದಿಗೊಂದಿಯಿಂದ ನುಗ್ಗುವುದಿಲ್ಲ, ಫಿಲ್ಟರ್ ಮೂಲಕವೇ ಬರುತ್ತದೆ, ಫಿಲ್ಟರ್ ತೊಳೆದರೆ ಆಯ್ತು.

ಕ್ಯಾಬಿನೆಟ್ ಎಲ್ಲಿ ಇಡುತ್ತೀರಿ ಅನ್ನುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಪ್ಲೈವುಡ್ ಕಂಪ್ಯೂಟರ್ ಟೇಬಲ್‌ನ ಕಪಾಟಿನಂಥ ಖಾನೆಯಿಂದ ಅದನ್ನು ಹೊರಗೆ ತೆಗೆಯಿರಿ. ಇಂದಿನ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೆಳಗಿರುತ್ತದೆ, ತಳದಿಂದ ಗಾಳಿ ಎಳೆಯುತ್ತದೆ, ಹಾಗಾಗಿ ನವಲಗುಂದದ ಜಮಖಾನೆ ಮೇಲೋ ಚಾಪೆ ಮೇಲೋ ಇಟ್ಟರೆ ಅದರ ಬಾಯಿ ಮುಚ್ಚಿದ ಹಾಗೆ. ಗಟ್ಟಿ ನೆಲ ಅಥವಾ ಸಣ್ಣ ಮಣೆ ಸಾಕು. ಎಸ್‌ಎಂಪಿಎಸ್ ಮೇಲೆ ಇರುವ ಹಳೇ ಕ್ಯಾಬಿನೆಟ್ ಆಗಿದ್ದರೆ ಅದು ಕಾರ್ಡ್‌ನ ಬಿಸಿಯನ್ನೇ ಉಸಿರಾಡುತ್ತದೆ, 150 ವಾಟ್‌ಗಿಂತ ದೊಡ್ಡ ಕಾರ್ಡ್ ಹಾಕುವಾಗ ಕ್ಯಾಬಿನೆಟ್ ಬದಲಿಸಿಬಿಡಿ. ಹಿಂದಿನ ಖಾಲಿ ಸ್ಲಾಟ್‌ಗಳಿಗೆ ತಗಡು ಹಾಕಿ ಮುಚ್ಚಿ. ಮಳೆಗಾಲದಲ್ಲಿ ಹುಳ ಬರುತ್ತವೆ, ಹುಳದ ಹಿಂದೆ ಹಲ್ಲಿ ಬರುತ್ತದೆ, ಹಲ್ಲಿ ಒಳಗೆ ಹೋದರೆ ಎಸ್‌ಎಂಪಿಎಸ್ ಶಾರ್ಟ್ ಆಗಬಹುದು.

ಗಾಳಿಯದ್ದಾ, ನೀರಿನದ್ದಾ

ಈಗ ಕೂಲರ್. ಡಬ್ಬಿಯಲ್ಲೇ ಬರುವ ಕೂಲರ್ ರೈಜನ್ 5 7600, ಐ5-12400ಎಫ್‌ನಂಥವಕ್ಕೆ ಕೆಲಸ ನಡೆಸುತ್ತದೆ, ಆದರೆ ಬೇಸಿಗೆಯಲ್ಲಿ ಸದ್ದು ಮಾಡುತ್ತದೆ, ವಿಡಿಯೋ ರೆಂಡರ್‌ಗೆ ಹಚ್ಚಿದರೆ ತೇಕುತ್ತದೆ. ಇದರ ಮುಂದಿನ ಮೆಟ್ಟಿಲು ನಾಲ್ಕು ಹೀಟ್‌ಪೈಪ್‌ನ (ಚಿಪ್‌ನ ಬಿಸಿಯನ್ನು ಮೇಲಕ್ಕೆ ಒಯ್ಯುವ ಕೊಳವೆ) ಒಂಟಿ ಟವರ್, ಡೀಪ್‌ಕೂಲ್ ಎಕೆ400 ತರಹದ್ದು. ಎರಡು-ಮೂರು ಸಾವಿರದ ಒಳಗೆ ಸಿಗುವ ಈ ಒಂದು ಬದಲಾವಣೆಯಷ್ಟು ಫಲ ಕೊಡುವ ಖರ್ಚು ಪಿಸಿಯಲ್ಲಿ ಬೇರೊಂದಿಲ್ಲ. ಹುಬ್ಬಳ್ಳಿ ಸೆಕೆಗೆ ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಅದರ ಮೇಲಿನದು ಆರು ಹೀಟ್‌ಪೈಪ್‌ನ ಜೋಡಿ ಟವರ್, ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ಅಂಥದ್ದು. ಇದು ಬಹುತೇಕ 240 ಎಂಎಂ ರೇಡಿಯೇಟರ್‌ನ (ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಭಾಗ) ಲಿಕ್ವಿಡ್ ಕೂಲರ್‌ಗೆ ಸರಿಸಮ ನಿಲ್ಲುತ್ತದೆ, ಬೆಲೆ ಅದರ ಅರ್ಧದ ಹತ್ತಿರ. ಹೀಗಿರುವಾಗ 240 ಎಂಎಂ ಯಾಕೆ ತಗೊಳ್ಳಬೇಕು? ನೋಟಕ್ಕೆ ಬೇಕು ಅಂದರೆ ತಗೊಳ್ಳಿ, ಅದು ನಿಮ್ಮ ಇಷ್ಟ. ತಂಪಿಗಾಗಿ ಅಂದರೆ ಬೇಡ.

ಲಿಕ್ವಿಡ್ ಕೂಲರ್ ನಿಜಕ್ಕೂ ಬೇಕಾಗುವುದು 14700ಕೆ, ರೈಜನ್ 9 7950ಎಕ್ಸ್ ಅಂಥ 230-250 ವಾಟ್ ಎಳೆಯುವ ಚಿಪ್‌ಗಳಿಗೆ, ಅದೂ ಗಂಟೆಗಟ್ಟಲೆ ರೆಂಡರ್ ಹಚ್ಚುವವರಿಗೆ. ಆಗ 360 ಎಂಎಂನದ್ದೇ ತಗೊಳ್ಳಿ, ರೇಡಿಯೇಟರ್ ಕ್ಯಾಬಿನೆಟ್‌ನ ಮೇಲ್ಭಾಗದಲ್ಲಿ ಕೂರಿಸಿ. ಒಳಗಿನ ಗಾಳಿಗುಳ್ಳೆಗಳು ಮೇಲೇರಿ ರೇಡಿಯೇಟರ್‌ನಲ್ಲಿ ನಿಲ್ಲಬೇಕು, ಪಂಪ್‌ನಲ್ಲಿ ನಿಲ್ಲಬಾರದು.

ನಮ್ಮ ಊರುಗಳಿಗೆ ನಾನು ಗಾಳಿಯ ಕೂಲರ್ ಕಡೆ ವಾಲುವುದಕ್ಕೆ ದೊಡ್ಡ ಕಾರಣ ರಿಪೇರಿ. ಅದರಲ್ಲಿ ಕೆಡುವ ವಸ್ತು ಒಂದೇ, ಫ್ಯಾನ್. ಅದು ಕೆಟ್ಟರೆ ಇಲ್ಲೇ ಅಂಗಡಿಯಲ್ಲಿ ಐನೂರು ರೂಪಾಯಿಯ ಆಸುಪಾಸು ಇನ್ನೊಂದು 120 ಎಂಎಂ ಫ್ಯಾನ್ ಸಿಗುತ್ತದೆ, ಅರ್ಧ ಗಂಟೆಯಲ್ಲಿ ಪಿಸಿ ಶುರು. ಲಿಕ್ವಿಡ್ ಕೂಲರ್‌ನ ಪಂಪ್ ನಿಂತರೆ ಚಿಪ್ ಕೂಡಲೇ ಮಿತಿ ಮುಟ್ಟುತ್ತದೆ, ಪೂರ್ತಿ ಕೂಲರನ್ನೇ ವಾರಂಟಿಗೆ ಕೊರಿಯರ್ ಮಾಡಬೇಕು, ಅದು ವಾಪಸ್ ಬರುವ ತನಕ ಪಿಸಿ ನಿಂತಂತೆ. ಮದುವೆ ಸೀಸನ್‌ನಲ್ಲಿ ವಿಡಿಯೋ ಎಡಿಟ್ ಮಾಡುವವರಿಗೆ, ಗದಗ-ಬೆಟಗೇರಿಯ ಪ್ರೆಸ್‌ಗಳಿಗೆ ಡಿಸೈನ್ ಮಾಡಿಕೊಡುವವರಿಗೆ ಇದು ಸಣ್ಣ ಮಾತಲ್ಲ. ಅದೂ ಅಲ್ಲದೆ ಒಳಗಿನ ದ್ರವ ಪೈಪಿನ ಮೂಲಕ ವರ್ಷಗಳಲ್ಲಿ ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ, ಐದಾರು ವರ್ಷದ ಮೇಲೆ ಅದನ್ನು ನಂಬಿ ಕೂರುವಂತಿಲ್ಲ.

ಒಂದು ಕಡೆ ಮಾತ್ರ ಜೋಡಿ ಟವರ್ ಸೋಲುತ್ತದೆ. ಹಾಸ್ಟೆಲ್‌ನಿಂದ ಊರಿಗೆ, ಊರಿನಿಂದ ಹಾಸ್ಟೆಲ್‌ಗೆ ಬಸ್ಸಿನಲ್ಲಿ ಪಿಸಿ ಒಯ್ಯುವವರಿದ್ದಾರೆ. ಮುಕ್ಕಾಲು ಕಿಲೋದಿಂದ ಒಂದು ಕಿಲೋ ತೂಗುವ ಜೋಡಿ ಟವರ್ ಮದರ್‌ಬೋರ್ಡ್ ಮೇಲೆ ಜೋತು ಬಿದ್ದಿರುತ್ತದೆ, ರಸ್ತೆಯ ಪ್ರತಿ ಕುಕ್ಕಾಟ ಅದಕ್ಕೆ ತಾಗುತ್ತದೆ. ಅಂಥವರು ಒಂಟಿ ಟವರ್ ತಗೊಳ್ಳಿ, ಒಯ್ಯುವಾಗ ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವ ಹಾಗೆ ಅಡ್ಡ ಮಲಗಿಸಿ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಡಬ್ಬಿಯಲ್ಲಿ ಇಡಿ.

ತಗೊಳ್ಳುವ ಮೊದಲು ಎತ್ತರ ಅಳೆಯಿರಿ. ಎಕೆ400 155 ಎಂಎಂ ಎತ್ತರ, ನಾಕ್ಟುವಾ ಎನ್‌ಎಚ್-ಡಿ15 165. ಸಣ್ಣ ಕ್ಯಾಬಿನೆಟ್‌ಗಳ ಬಾಗಿಲು ಇವುಗಳ ಮೇಲೆ ಮುಚ್ಚುವುದಿಲ್ಲ. ಸಾಕೆಟ್, ಅಂದರೆ ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ, ಅದನ್ನೂ ನೋಡಿ: ಎಎಂಡಿಯ ಹಳೇ ಸಾಕೆಟ್ ಎಎಂ4ರ ಕೂಲರ್‌ಗಳಲ್ಲಿ ಬಹಳಷ್ಟು ಹೊಸ ಎಎಂ5ಕ್ಕೂ ಕೂಡುತ್ತವೆ, ಆದರೆ ತನ್ನದೇ ಹಿಂಬದಿ ತಗಡು ಬೇಡುವಂಥವು ಕೂಡುವುದಿಲ್ಲ.

ಪುಕ್ಕಟೆ ತಂಪು

ಕೂಲರ್‌ಗೆ ರೊಕ್ಕ ಹಾಕುವ ಮೊದಲು ಬಯೋಸ್ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ತೆರೆಯಿರಿ. ಎಷ್ಟೋ ಮದರ್‌ಬೋರ್ಡ್‌ಗಳು ಇಂಟೆಲ್ ಹೇಳಿದ ಪವರ್ ಮಿತಿಯನ್ನು ತೆಗೆದುಹಾಕಿಯೇ ಬರುತ್ತವೆ. ಪಿಎಲ್1 (ಹೆಚ್ಚು ಹೊತ್ತಿನ ವಾಟ್ ಮಿತಿ), ಪಿಎಲ್2 (ಸ್ವಲ್ಪ ಹೊತ್ತಿನದ್ದು) ಅನ್ನುವ ಎರಡು ಸಂಖ್ಯೆಯನ್ನು ಕಂಪನಿ ಹೇಳಿದ ಮಟ್ಟಕ್ಕೆ ತಂದರೆ ಹತ್ತು ಹದಿನೈದು ಡಿಗ್ರಿ ಇಳಿಯುವುದುಂಟು, ಆಟದಲ್ಲಿ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ರೈಜನ್‌ನಲ್ಲಿ ಇಕೋ ಮೋಡ್ ಇದೆ, 105 ವಾಟ್‌ನ ಚಿಪ್ಪನ್ನು 65ರ ಹಾಗೆ ಓಡಿಸುತ್ತದೆ. ಮಾರ್ಚ್‌ನಿಂದ ಮೇವರೆಗೆ ಹಾಕಿಡಿ, ಮಳೆ ಬಂದ ಮೇಲೆ ತೆಗೆಯಿರಿ. ಗ್ರಾಫಿಕ್ಸ್ ಕಾರ್ಡ್‌ನ ಪವರ್ ಲಿಮಿಟನ್ನೂ 85-90 ಶೇಕಡಾಕ್ಕೆ ಇಳಿಸಿ ನೋಡಿ, ಫ್ರೇಮ್ ಕಳೆದುಕೊಳ್ಳುವುದು ಸ್ವಲ್ಪ, ಸದ್ದು ಮತ್ತು ಬಿಸಿ ಇಳಿಯುವುದು ಬಹಳ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಇರುವವರು ಬಯೋಸ್ ಅಪ್‌ಡೇಟ್ ಮಾಡಲೇಬೇಕು. ವೋಲ್ಟೇಜ್ ಜಾಸ್ತಿಯಾಗಿ ಚಿಪ್ ಕಾಲಕ್ರಮೇಣ ಹಾಳಾಗುವ ತೊಂದರೆ ಅವುಗಳಲ್ಲಿತ್ತು, 2024ರ ಆಗಸ್ಟ್‌ನಿಂದ ಇಂಟೆಲ್ ಅದಕ್ಕೆ ತಿದ್ದುಪಡಿ ಬಿಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಸೆಕೆಂಡ್‌ಹ್ಯಾಂಡ್ 13700ಕೆ, 14900ಕೆ ತಗೊಳ್ಳುವವರು ಇದನ್ನು ಕೇಳದೇ ರೊಕ್ಕ ಕೊಡಬೇಡಿ.

ಯಾರಿಗೆ ಯಾವುದು

ಆಟ ಆಡುವ ವಿದ್ಯಾರ್ಥಿ, 12400ಎಫ್ ಅಥವಾ 7600, ಜೊತೆಗೆ 5060 ಇಲ್ಲವೇ 9060 ಎಕ್ಸ್‌ಟಿ: 550 ವಾಟ್ ಬ್ರಾಂಝ್, ಮನೆಯಲ್ಲಿ ಇನ್ವರ್ಟರ್ ಇದ್ದರೆ 650. ಒಂಟಿ ಟವರ್ ಕೂಲರ್. ಜಾಳಿಗೆ ಕ್ಯಾಬಿನೆಟ್. ಮುಗಿಯಿತು.

ವಿಡಿಯೋ ಎಡಿಟಿಂಗ್‌ನವರು 14700ಕೆ ಜೊತೆ 5070 ಟಿಐ ಇಟ್ಟುಕೊಂಡರೆ ಒಟ್ಟು 618 ವಾಟ್ ಆಗುತ್ತದೆ. 850 ವಾಟ್ ಗೋಲ್ಡ್, ಎಟಿಎಕ್ಸ್ 3.1, 360 ಎಂಎಂ ಲಿಕ್ವಿಡ್. ನನ್ನನ್ನು ಕೇಳಿದರೆ ಪಿಎಲ್2 ಅನ್ನು 180ಕ್ಕೆ ಕಟ್ಟಿ ಜೋಡಿ ಟವರ್ ಹಾಕಿ ಅನ್ನುತ್ತೇನೆ. ರೆಂಡರ್ ಸ್ವಲ್ಪ ತಡ ಆಗುತ್ತದೆ, ಆದರೆ ಮೇ ತಿಂಗಳಲ್ಲಿ ಪಂಪ್ ಕೆಟ್ಟು ಗಿರಾಕಿಯ ಮುಂದೆ ನಿಲ್ಲುವ ಪ್ರಸಂಗ ಬರುವುದಿಲ್ಲ. ಯುಪಿಎಸ್ ಇಲ್ಲದೇ ಈ ಕೆಲಸ ಮಾಡಲೇಬೇಡಿ.

ಎಐ ಪ್ರಾಜೆಕ್ಟ್‌ಗೆ ರಾತ್ರಿಯಿಡೀ ಕಾರ್ಡ್ ಓಡಿಸುವವರು ಕಾರ್ಡ್‌ನ ಪವರ್ ಲಿಮಿಟ್ ಇಳಿಸಿ, ಕಿಟಕಿ ತೆರೆದಿಟ್ಟು ಓಡಿಸಿ. ರಾತ್ರಿಯ ಗಾಳಿ ಇಲ್ಲಿ ಒಳ್ಳೆ ಕೂಲರ್, ಧಾರವಾಡದಲ್ಲಿ ಇನ್ನೂ ಒಳ್ಳೆಯದು.

ಕೂರಿಸುವಾಗ ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿದ್ದೀರಾ ಎರಡು ಸಲ ನೋಡಿ. ಚಿಪ್ ಮತ್ತು ಕೂಲರ್ ನಡುವೆ ಬಟಾಣಿ ಗಾತ್ರದ ಥರ್ಮಲ್ ಪೇಸ್ಟ್ ಸಾಕು, ಮೂರ್ನಾಲ್ಕು ವರ್ಷಕ್ಕೊಮ್ಮೆ ಬದಲಿಸಿ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಬ್ಲೋವರ್ ರಭಸಕ್ಕೆ ಅದು ತಿರುಗಿದರೆ ಬೇರಿಂಗ್ ಹೋಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪ್ಯಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು, ಹೊರಗಿನಿಂದ ಊದಿದರೆ ಸಾಕು. ಎಲ್ಲ ಜೋಡಿಸಿದ ಮೇಲೆ ಉಷ್ಣತೆ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ತೆರೆದು, ನಡುಮಧ್ಯಾಹ್ನದ ಹೊತ್ತಿನಲ್ಲಿ ಅರ್ಧ ಗಂಟೆ ಆಟ ಆಡಿ ಉಷ್ಣತೆ ಬರೆದಿಟ್ಟುಕೊಳ್ಳಿ, ಆಮೇಲೆ ಯುಪಿಎಸ್‌ನ ಪ್ಲಗ್ ಸ್ವಿಚ್ ಆಫ್ ಮಾಡಿ ಪಿಸಿ ನಿಲ್ಲುತ್ತಾ ನೋಡಿ. ಈ ಎರಡು ಪರೀಕ್ಷೆಯನ್ನು ಅಂಗಡಿಯವರು ಬದಲಿಸಿಕೊಡುವ ಗಡುವಿನೊಳಗೇ ಮಾಡಿ, ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೋ ಫೋನಿನಲ್ಲಿ ಇರಲಿ.